ಕೈ ನಡುಗಲಿ ಅಂತ ಕಾಯಬೇಡ

ನೋಡಪ್ಪಾ, ತಾಲ್ಲೂಕು ಆಸ್ಪತ್ರೆಯ ಓಪಿಡಿಯಲ್ಲಿ ಈಗಷ್ಟೇ ಕೂತಿದ್ದೀಯ. ಪಾರ್ಕಿನ್ಸನ್ ಅಂದಕೂಡಲೇ ನಡುಗುವ ಕೈ ಹುಡುಕಲು ಹೋಗಬೇಡ. ನಾಲ್ವರಲ್ಲಿ ಸುಮಾರು ಒಬ್ಬರಿಗೆ ಶುರುವಿನಲ್ಲಿ ನಡುಕವೇ ಇರುವುದಿಲ್ಲ.

ಇಂಥವರಲ್ಲಿ ಕೆಲವರು ಬರುವುದು ಭುಜನೋವು ಅಂತ. ಜೊತೆಗೆ ಶುಗರ್ ಇದ್ದುಬಿಟ್ಟರೆ ಮುಗಿದೇ ಹೋಯಿತು, ‘ಫ್ರೋಜನ್ ಶೋಲ್ಡರ್’ ಅಂತ ಚೀಟಿ ಬರೆದು ಫಿಸಿಯೋಥೆರಪಿಗೆ ಕಳಿಸುತ್ತೇವೆ. ಭುಜ ಮುಟ್ಟುವ ಮೊದಲು ಅವರನ್ನು ವರಾಂಡದಲ್ಲಿ ನಡೆಸು. ಒಂದೇ ಕೈ ಬೀಸದೆ ಮೈಗಂಟಿಕೊಂಡಿದೆಯಾ? ಹೆಬ್ಬೆರಳಿಗೆ ತೋರುಬೆರಳು ಬಡಿಯಲು ಹೇಳು. ಬಡಿತ ಬರಬರುತ್ತಾ ಸಣ್ಣದಾಗುತ್ತದಾ? ಎರಡು ಸಾಲು ಬರೆಸು, ಅಕ್ಷರವೂ ಹಾಗೇ ಕುಗ್ಗುತ್ತದಾ ನೋಡು. ಬ್ಯಾಂಕಿನಲ್ಲಿ ಸಹಿ ತಾಳೆಯಾಗುತ್ತಿಲ್ಲ ಅಂತ ಅವರೇ ಹೇಳಿದರೂ ಹೇಳಿಯಾರು. ಬರೀ ಕಣ್ಣಿಟ್ಟು ನೋಡುವುದನ್ನು ಹಗುರವಾಗಿ ಎಣಿಸಬೇಡ: 1817ರಲ್ಲಿ ಈ ರೋಗದ ಬಗ್ಗೆ ಬರೆದ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಆಧಾರವಾಗಿಟ್ಟುಕೊಂಡಿದ್ದು ಆರೇ ಜನರನ್ನು, ಅವರಲ್ಲೂ ಕೆಲವರು ಬೀದಿಯಲ್ಲಿ ಕಂಡವರು!

ರೋಗಿ ಗಂಡಸಾದರೆ ಅವರ ಹೆಂಡತಿಯನ್ನು ಬೇರೆಯಾಗಿ ಕೂರಿಸಿ ಕೇಳು. ನಿದ್ದೆಯಲ್ಲಿ ಕೂಗಿ ಒದೆಯುತ್ತಾರಾ, ಒಗ್ಗರಣೆಯ ವಾಸನೆ ಹತ್ತುತ್ತದಾ, ಮಲಬದ್ಧತೆ ಎಷ್ಟು ದಿನದ್ದು? ಇವು ಮೈ ಬಿಗಿಯುವುದಕ್ಕೆ ವರ್ಷಗಟ್ಟಲೆ ಮೊದಲೇ ಬಂದಿರಬಹುದು. ಗಂಡಸರು ತಾವಾಗಿ ಇದನ್ನೆಲ್ಲ ಹೇಳುವುದು ಅಪರೂಪ.

ಆಮೇಲೆ ಮಾತ್ರೆಯ ಚೀಲ ಸುರಿಸಿ ನೋಡು. ತಲೆಸುತ್ತಿಗೆ ಅಂತ ತಿಂಗಳುಗಟ್ಟಲೆ ನುಂಗಿದ ಸಿನ್ನರಿಜಿನ್, ಫ್ಲುನರಿಜಿನ್, ವಾಂತಿಗೆ ಕೊಟ್ಟ ಮೆಟೊಕ್ಲೊಪ್ರಮೈಡ್ ಥೇಟ್ ಪಾರ್ಕಿನ್ಸನ್‌ನಂತೆಯೇ ಮೈ ಬಿಗಿಯಬಲ್ಲವು. ನಿಲ್ಲಿಸಿದರೂ ಇಳಿಯಲು ತಿಂಗಳುಗಳು ಹಿಡಿಯಬಹುದು. ಮನೋರೋಗದ ಔಷಧಿಯನ್ನು ಮಾತ್ರ ಅದನ್ನು ಬರೆದ ವೈದ್ಯರನ್ನು ಕೇಳದೆ ಮುಟ್ಟಬೇಡ.

ಮೊದಲ ವರ್ಷವೇ ಪದೇಪದೇ ಬೀಳುತ್ತಿದ್ದರೆ, ಕಣ್ಣು ಕೆಳಕ್ಕೆ ಹೊರಳದಿದ್ದರೆ, ನಿಂತಾಗ ಬಿಪಿ ಕುಸಿದರೆ ಇದು ಬೇರೆ ಜಾತಿಯದೇನೋ ಅಂತ ಅನುಮಾನಪಡು. ಹೆಜ್ಜೆ ನೆಲಕ್ಕೆ ಅಂಟಿದಂತಿದ್ದು ಮೂತ್ರ, ಮರೆವಿನ ತೊಂದರೆಯೂ ಇದ್ದರೆ ಸಿ.ಟಿ. ಮಾಡಿಸು, ಮೆದುಳಿನಲ್ಲಿ ನೀರು ತುಂಬಿರಬಹುದು. ನಲವತ್ತರ ಒಳಗಿನವರಲ್ಲಿ ವಿಲ್ಸನ್ ಕಾಯಿಲೆಯನ್ನು ಮರೆಯಲೇಬೇಡ. ತಾಮ್ರ ಸೇರಿ ಬರುವ ಅದಕ್ಕೆ ಚಿಕಿತ್ಸೆಯಿದೆ.

‘ಎಂಆರ್‌ಐ ನಾರ್ಮಲ್ ಡಾಕ್ಟ್ರೇ’ ಅಂತ ಮನೆಯವರು ಹಿಗ್ಗಿಕೊಂಡು ಬರುತ್ತಾರೆ. ಪಾರ್ಕಿನ್ಸನ್‌ನಲ್ಲಿ ಅದು ಸಾಮಾನ್ಯವಾಗಿ ನಾರ್ಮಲ್ಲೇ ಇರುತ್ತದೆ ಅಂತ ಬಿಡಿಸಿ ಹೇಳು. ಈ ರೋಗದ ಔಷಧಿ ಲೆವೊಡೋಪಾ ಕೊಟ್ಟರೆ ಸಾಕಷ್ಟು ಪ್ರಮಾಣದಲ್ಲಿ ಕೊಟ್ಟು ನೋಡು. ಅರೆಮಾತ್ರೆಗೆ ಜಗ್ಗಲಿಲ್ಲ ಅಂತ ರೋಗವನ್ನೇ ತಳ್ಳಿಹಾಕಬೇಡ. ಗೊಂದಲವಿದ್ದರೆ ಚೀಟಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ನರರೋಗ ತಜ್ಞರಿಗೆ ಬರೆ, ಆರು ತಿಂಗಳಿಗೆ ಮತ್ತೆ ಕರೆಸಿ ನಡೆಸಿ ನೋಡು.