ಮರೆತ ಸಿವುಡು ಯಾರದು?

ಸೆಪ್ಟೆಂಬರ್ 8ರಂದು ಮರಿಯಮ್ಮನವರ ಜನನೋತ್ಸವಕ್ಕೆ ನಾವು ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ಒಯ್ಯುತ್ತೇವೆ. ಧರ್ಮೋಪದೇಶಕಾಂಡ 24:19ರಲ್ಲಿ ಸುಗ್ಗಿಯ ಕುರಿತೇ ಒಂದು ಕಟ್ಟಳೆಯಿದೆ. ಹೊಲದಲ್ಲಿ ಮರೆತುಬಂದ ಸಿವುಡನ್ನು ತರಲು ಹಿಂದಿರುಗಬಾರದು. ಅದು ಪರದೇಶಿಗೆ, ಅನಾಥರಿಗೆ, ವಿಧವೆಗೆ ಸೇರಿದ್ದು. ಹೊಲದವನ ಔದಾರ್ಯವಲ್ಲ, ಅವರ ಪಾಲು.

ಓಣಂ ಹೊತ್ತಿಗೆ ಕೈಸೇರುವ ಕ್ಷೇಮ ಪಿಂಚಣಿಯನ್ನೂ ಹಾಗೆಯೇ ಕಾಣಬೇಕು. ಮೊತ್ತ ಚಿಕ್ಕದು, ಒಂಟಿಯಾಗಿರುವ ಅಜ್ಜಿಗೆ ಅದೇ ಮದ್ದು, ಅದೇ ಹಬ್ಬದ ಅಕ್ಕಿ. ಆದರೆ ಅಕ್ಷಯ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ವಾರ್ಷಿಕ ಮಸ್ಟರಿಂಗ್ ಮಾಡಿಸದಿದ್ದರೆ ಹಣ ನಿಲ್ಲುತ್ತದೆ. ಕಾಸರಗೋಡಿನಲ್ಲಿ ಮಲಯಾಳ ಓದಲು ಬಾರದ ನಮ್ಮ ಹಿರಿಯರಿಗೆ ಆ ಸೂಚನೆ ತಿಳಿಯುವುದು ಎಷ್ಟೋ ಸಲ ಹಣ ನಿಂತ ಮೇಲೆಯೇ.

ಕಾಣಿಕೆ ಡಬ್ಬಿಗೆ ನೂರು ರೂಪಾಯಿ ಹಾಕಿ ನಾವು ಸಮಾಧಾನಪಡುತ್ತೇವೆ. ನೆರೆಮನೆಯ ಅಜ್ಜಿಯ ಜೊತೆ ಅರ್ಧ ದಿನ ಸಾಲಿನಲ್ಲಿ ನಿಲ್ಲಲು ಮಾತ್ರ ನಮಗೆ ಪುರುಸೊತ್ತಿಲ್ಲ. ದಾನ ಕೊಡುವುದು ಒಳ್ಳೆಯದೇ. ಅವರದೇ ಪಾಲು ಅವರಿಗೆ ಸಿಗುವಂತೆ ನೋಡಿಕೊಳ್ಳುವುದು ಅದಕ್ಕಿಂತ ಮೊದಲು. ನಡೆಯಬಲ್ಲವರನ್ನು ಕರೆದೊಯ್ಯೋಣ. ಹಾಸಿಗೆ ಹಿಡಿದವರಿದ್ದರೆ ಮನೆಗೇ ಬರುವಂತೆ ಕೇಂದ್ರದವರಿಗೆ ತಿಳಿಸೋಣ.

ಈ ವಾರದ ಚಿಂತನೆಗೆ: ನಮ್ಮ ವಾಳೆಯಲ್ಲಿ ಯಾರ ಪಿಂಚಣಿ ನಿಂತಿದೆ? ಅದು ನಮಗೆ ಗೊತ್ತಿದೆಯೇ?