ಹಳೆಯ ಲ್ಯಾಪ್‌ಟಾಪೋ, ಹೊಸದೋ? ಕೊಳ್ಳುವ ಮುನ್ನ ಒಂದು ಪಾಠ



ಹತ್ತನೇ ತರಗತಿ ಮುಗಿಸಿ ಹನ್ನೊಂದಕ್ಕೆ ಕಾಲಿಡುತ್ತಿದ್ದಂತೆ ನಮ್ಮ ಮನೆಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. "ಅಪ್ಪಾ, ನನಗೊಂದು ಲ್ಯಾಪ್‌ಟಾಪ್ ಬೇಕು." ಅಪ್ಪ ಮನೆ ಬಾಡಿಗೆ, ಶಾಲೆಯ ಶುಲ್ಕ, ಊರಿಗೆ ಕಳಿಸಬೇಕಾದ ಹಣ ಎಲ್ಲವನ್ನೂ ಮನಸ್ಸಿನಲ್ಲೇ ಕೂಡಿ ಕಳೆದು, "ಸೆಕೆಂಡ್ ಹ್ಯಾಂಡ್ ನೋಡೋಣ" ಎನ್ನುತ್ತಾರೆ. ಮಗಳ ಮುಖ ಬಾಡುತ್ತದೆ. "ಹಳೆಯದು ಕೈಕೊಟ್ಟರೆ?" ಎಂಬುದು ಅವಳ ಪ್ರಶ್ನೆ. "ಹೊಸದಕ್ಕೆ ಅಷ್ಟು ಹಣ ಯಾಕೆ?" ಎಂಬುದು ಅಪ್ಪನ ಪ್ರಶ್ನೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಜಗಳವಾಡದೆ ಇಬ್ಬರೂ ಕಾಗದ ಪೆನ್ನು ಹಿಡಿದು ಕೂತರೆ ಉತ್ತರ ಸಿಗುತ್ತದೆ. ಅದು ಹೇಗೆ ಎಂಬುದೇ ಈ ಪಾಠ.

ನಾನೇ ಎಡವಿದ ಕಥೆ

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. 2020ರ ಮಾರ್ಚ್‌ನಲ್ಲಿ ಇಲ್ಲಿ ದುಬೈಯಲ್ಲಿ ಶಾಲೆಗಳು ಮುಚ್ಚಿ ಆನ್‌ಲೈನ್ ತರಗತಿಗಳು ಆರಂಭವಾದಾಗ, ಅವಸರದಲ್ಲಿ ಅಂಗಡಿಗೆ ಓಡಿ ಎಲ್ಲಕ್ಕಿಂತ ಅಗ್ಗದ ಹೊಸ ಲ್ಯಾಪ್‌ಟಾಪನ್ನು ಮಗನಿಗೆ ತಂದುಕೊಟ್ಟೆ. 4 ಜಿಬಿ ರ್ಯಾಮ್, 32 ಜಿಬಿ ಸಂಗ್ರಹ. ನೋಡಲು ತೆಳ್ಳಗೆ, ಬೆಳ್ಳಗೆ, ಚೆಂದವಾಗಿತ್ತು. ಎರಡೇ ತಿಂಗಳಲ್ಲಿ ಜಾಗ ತುಂಬಿ, ವಿಂಡೋಸ್ ಅಪ್‌ಡೇಟ್‌ಗೂ ಸ್ಥಳವಿಲ್ಲದಾಯಿತು. ಗಣಿತ ಪರೀಕ್ಷೆಯ ದಿನ ಉತ್ತರ ಪತ್ರಿಕೆ ಅಪ್‌ಲೋಡ್ ಮಾಡುವ ಹೊತ್ತಿಗೆ ಸರಿಯಾಗಿ ಯಂತ್ರ ನಿಂತುಹೋಯಿತು. ಮಗ ಅತ್ತುಬಿಟ್ಟ. ನಮ್ಮ ಪಕ್ಕದ ಫ್ಲ್ಯಾಟಿನವರು ಯಾವುದೋ ಕಚೇರಿಯಲ್ಲಿ ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪನ್ನು ನನಗಿಂತ ಕಡಿಮೆ ಬೆಲೆಗೆ ತಂದಿದ್ದರು. ಅದು ದಪ್ಪಗಿತ್ತು, ಮೂಲೆಯಲ್ಲಿ ಗೀರೂ ಇತ್ತು. ಆದರೆ ಒಂದು ದಿನವೂ ತರಗತಿ ತಪ್ಪಿಸಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಅಂದು ಕಲಿತದ್ದು ಇಷ್ಟು. ಲ್ಯಾಪ್‌ಟಾಪಿನ ವಯಸ್ಸನ್ನು ಕೇಳುವ ಬದಲು, ನಮ್ಮ ಕೆಲಸಕ್ಕೆ ಅದರ ಆಯುಸ್ಸು ಇನ್ನೆಷ್ಟು ಉಳಿದಿದೆ ಎಂದು ಕೇಳಬೇಕು.

ಮೊದಲ ಹೆಜ್ಜೆ: ನಮ್ಮ ಕೆಲಸವೇನು?

ಟಿಪ್ಪಣಿ ಬರೆಯುವುದು, ಪ್ರಾಜೆಕ್ಟ್ ತಯಾರಿಸುವುದು, ಆನ್‌ಲೈನ್ ತರಗತಿ, ವಿಡಿಯೋ ನೋಡುವುದು ಇವು ಸಾಧಾರಣ ಕೆಲಸಗಳು. ಸಿಬಿಎಸ್‌ಇ ಹನ್ನೊಂದು ಮತ್ತು ಹನ್ನೆರಡನೇ ತರಗತಿಯ ಕಂಪ್ಯೂಟರ್ ಸೈನ್ಸ್ ಪಠ್ಯದಲ್ಲಿರುವ ಪೈಥಾನ್ ಮತ್ತು ಎಸ್‌ಕ್ಯೂಎಲ್ ಕೂಡ ಭಾರಿ ಯಂತ್ರವನ್ನು ಬೇಡುವುದಿಲ್ಲ. ಕನ್ನಡ ಟೈಪ್ ಮಾಡುವುದಕ್ಕಂತೂ ಚಿಂತೆಯೇ ಬೇಡ. 2001ರ ವಿಂಡೋಸ್ ಎಕ್ಸ್‌ಪಿ ಕಾಲದಿಂದಲೇ ಯೂನಿಕೋಡ್ ಕನ್ನಡ, ತುಂಗಾ ಅಕ್ಷರಶೈಲಿಯೊಂದಿಗೆ ವಿಂಡೋಸ್‌ನಲ್ಲೇ ಇದೆ.

ಈ ಕೆಲಸಗಳಿಗೆ 8 ಜಿಬಿ ರ್ಯಾಮ್ ಮತ್ತು 256 ಜಿಬಿ ಎಸ್‌ಎಸ್‌ಡಿ ಇರಲೇಬೇಕು ಎಂದು ಬರೆದಿಟ್ಟುಕೊಳ್ಳಿ. ಎಸ್‌ಎಸ್‌ಡಿ ಏಕೆ? ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ತಟ್ಟೆ ತಿರುಗಬೇಕು, ಓದುವ ಸೂಜಿ ಸರಿಯಾದ ಜಾಗಕ್ಕೆ ಹೋಗಬೇಕು. ಲ್ಯಾಪ್‌ಟಾಪ್‌ಗಳಲ್ಲಿ ಆ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಆದ್ದರಿಂದ ಕಾಯುವುದೂ ಇಲ್ಲ. ಹಳೆಯ ಯಂತ್ರ ನಿಧಾನವೆಂದು ದೂರುವವರಲ್ಲಿ ಹಲವರ ತೊಂದರೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ತೀರುತ್ತದೆ. ರ್ಯಾಮ್ ಹೆಚ್ಚಿಸಬಹುದೇ ಎಂಬುದನ್ನು ಮಾತ್ರ ಕೇಳಿಯೇ ತಿಳಿಯಬೇಕು. ಕೆಲವು ತೆಳು ಮಾದರಿಗಳಲ್ಲಿ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ.

ವಾಸ್ತುಶಿಲ್ಪದ ಚಿತ್ರ, ವಿಡಿಯೋ ಸಂಕಲನ, ಎಂಜಿನಿಯರಿಂಗ್ ವಿನ್ಯಾಸ ಇವು ಭಾರದ ಕೆಲಸಗಳು. ಇವಕ್ಕೆ 16 ಜಿಬಿ ರ್ಯಾಮ್ ಮತ್ತು ಹೊಸ ಪ್ರೊಸೆಸರ್ ಬೇಕಾಗುತ್ತದೆ.

ಎರಡನೇ ಹೆಜ್ಜೆ: ಪ್ರೊಸೆಸರ್ ಸಂಖ್ಯೆ ಓದುವುದು

ಅಂಗಡಿಯವರು "ಐ7 ಇದೆ ಸಾರ್" ಎಂದೊಡನೆ ಮರುಳಾಗಬೇಡಿ. ಐ7 ಎಂಬುದು ದರ್ಜೆಯ ಹೆಸರು. ತಲೆಮಾರು ತಿಳಿಯುವುದು ಅದರ ಮುಂದಿನ ಸಂಖ್ಯೆಯಿಂದ. ಇಂಟೆಲ್ ಐ5-8250ಯು ಎಂದಿದ್ದರೆ ಮೊದಲ ಅಂಕಿ 8, ಅಂದರೆ ಎಂಟನೇ ತಲೆಮಾರು. ಸಂಖ್ಯೆ 1ರಿಂದ ಆರಂಭವಾದರೆ ಮೊದಲ ಎರಡು ಅಂಕಿಗಳನ್ನು ಒಟ್ಟಿಗೆ ಓದಿ. ಐ5-10210ಯು ಹತ್ತನೆಯದು, ಐ5-1135ಜಿ7 ಹನ್ನೊಂದನೆಯದು.

ಇದರಿಂದ ಏನು ಪ್ರಯೋಜನ? 2015ರ ಐ7-6600ಯು ಪ್ರೊಸೆಸರ್‌ನಲ್ಲಿ ಇರುವುದು ಎರಡು ಕೋರ್. 2017ರ ಐ5-8250ಯುನಲ್ಲಿ ನಾಲ್ಕು. ಹೆಸರಿನಲ್ಲಿ ದೊಡ್ಡದು ಮೊದಲನೆಯದು, ಕೆಲಸದಲ್ಲಿ ದೊಡ್ಡದು ಎರಡನೆಯದು.

ಮೂರನೇ ಹೆಜ್ಜೆ: ವಿಂಡೋಸ್‌ನ ಗಡಿ

ಹಳೆಯ ಲ್ಯಾಪ್‌ಟಾಪಿನ ಆಯುಸ್ಸನ್ನು ಬಹುಪಾಲು ನಿರ್ಧರಿಸುವುದು ಇದೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಭದ್ರತಾ ಅಪ್‌ಡೇಟ್ ಇಲ್ಲದ ಯಂತ್ರದಲ್ಲಿ ಅಪ್ಪನ ಬ್ಯಾಂಕ್ ಖಾತೆ ತೆರೆಯುವುದು ಬಾಗಿಲಿಗೆ ಚಿಲಕ ಹಾಕದೆ ಊರಿಗೆ ಹೋದಂತೆ.

2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ, ಕನಿಷ್ಠ 4 ಜಿಬಿ ರ್ಯಾಮ್, 64 ಜಿಬಿ ಸಂಗ್ರಹ ಮತ್ತು ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಇಂಟೆಲ್‌ನಲ್ಲಿ ಸ್ಥೂಲವಾಗಿ ಎಂಟನೇ ತಲೆಮಾರಿನಿಂದ ಮೇಲಿನವು ಈ ಪಟ್ಟಿಯಲ್ಲಿವೆ. ಎಎಂಡಿ ರೈಜನ್ ಆದರೆ 3000 ಸರಣಿಯಿಂದ ಮೇಲಿನದನ್ನು ನೋಡುವುದು ಕ್ಷೇಮ.

ಇಲ್ಲಿ ಒಂದು ಎಚ್ಚರಿಕೆ. ಅಂಗಡಿಯ ಯಂತ್ರದಲ್ಲಿ ವಿಂಡೋಸ್ 11 ಓಡುತ್ತಿದೆ ಎಂದ ಮಾತ್ರಕ್ಕೆ ಅದು ಅರ್ಹ ಯಂತ್ರ ಎಂದಲ್ಲ. ತಪಾಸಣೆಯನ್ನು ತಪ್ಪಿಸಿ ಹಳೆಯ ಯಂತ್ರಕ್ಕೂ ಅದನ್ನು ಹಾಕಬಹುದು. ಅಂಥ ಯಂತ್ರಕ್ಕೆ ಅಪ್‌ಡೇಟ್ ಸಿಗುವ ಖಾತ್ರಿಯಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ. ಅದರದೇ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ತಂತ್ರಾಂಶವನ್ನು ಅಂಗಡಿಯಲ್ಲೇ ಓಡಿಸಿ ನೋಡಿ.

ಈಗಾಗಲೇ ಮನೆಯಲ್ಲಿ ಏಳನೇ ತಲೆಮಾರಿನ ಯಂತ್ರವಿದ್ದರೆ ಎಸೆಯಬೇಡಿ. ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿದರೆ ಪೈಥಾನ್ ಕಲಿಯಲು, ಕನ್ನಡ ಬರೆಯಲು ಚೆನ್ನಾಗಿಯೇ ಸಾಗುತ್ತದೆ. ಆದರೆ ಆನ್‌ಲೈನ್ ಪರೀಕ್ಷೆಯ ಕೆಲವು ತಂತ್ರಾಂಶಗಳು ವಿಂಡೋಸನ್ನೇ ಕೇಳುತ್ತವೆ. ಮೊದಲೇ ವಿಚಾರಿಸಿಕೊಳ್ಳಿ.

ನಾಲ್ಕನೇ ಹೆಜ್ಜೆ: ಅಂಗಡಿಯಲ್ಲಿ ಇಪ್ಪತ್ತು ನಿಮಿಷ

ಬರ್ ದುಬೈನ ಖಾಲಿದ್ ಬಿನ್ ಅಲ್ ವಲೀದ್ ರಸ್ತೆಯ ಕಂಪ್ಯೂಟರ್ ಅಂಗಡಿಯಾಗಲಿ, ಊರಿಗೆ ಹಿಂತಿರುಗುತ್ತಿರುವ ಪರಿಚಯದವರ ಮನೆಯಾಗಲಿ, ಕೆಳಗಿನವನ್ನು ನೋಡದೆ ಹಣ ಕೊಡಬೇಡಿ.

1. ಬ್ಯಾಟರಿ: ಕಮಾಂಡ್ ಪ್ರಾಂಪ್ಟ್ ತೆರೆದು, ಪವರ್‌ಸಿಎಫ್‌ಜಿ ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, ಬ್ಯಾಟರಿರಿಪೋರ್ಟ್ ಎಂದು ಒಂದೇ ಪದವಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಸಿಗುವ ವರದಿಯಲ್ಲಿ ಎರಡು ಸಂಖ್ಯೆಗಳಿರುತ್ತವೆ: ತಯಾರಾದಾಗಿನ ಸಾಮರ್ಥ್ಯ, ಈಗ ತುಂಬುವ ಸಾಮರ್ಥ್ಯ. ಮೊದಲನೆಯದು 50,000, ಎರಡನೆಯದು 31,000 ಎಂದಿದ್ದರೆ ಉಳಿದದ್ದು ಶೇಕಡ 62. ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ.

2. ಬೀಗ: ಕಚೇರಿಗಳಿಂದ ಬಂದ ಯಂತ್ರಗಳಲ್ಲಿ ಬಯಾಸ್ ಪಾಸ್‌ವರ್ಡ್ ಉಳಿದಿರಬಹುದು. ಇನ್ನು ಕೆಲವು ಯಂತ್ರಗಳು ಹಳೆಯ ಕಂಪನಿಯ ನೋಂದಣಿಯಿಂದ ಬಿಡುಗಡೆಯಾಗಿರುವುದಿಲ್ಲ. ನಿಮ್ಮೆದುರೇ ಎಲ್ಲ ಅಳಿಸಿ, ರೀಸೆಟ್ ಮಾಡಿ, ವೈಫೈಗೆ ಸೇರಿಸಲು ಹೇಳಿ. ಆಗ ಯಾವುದಾದರೂ ಕಂಪನಿಯ ಹೆಸರು ಕಂಡು ಪಾಸ್‌ವರ್ಡ್ ಕೇಳಿದರೆ, ನಮಸ್ಕಾರ ಹೇಳಿ ಹೊರಟುಬಿಡಿ.

3. ಕೀಲಿಮಣೆ ಮತ್ತು ಪರದೆ: ಪ್ರತಿಯೊಂದು ಕೀಲಿಯನ್ನೂ ಒತ್ತಿ. ಇಡೀ ಪರದೆಯನ್ನು ಬಿಳಿ ಮಾಡಿ ಕಲೆ, ಚುಕ್ಕೆ ನೋಡಿ. ಮಡಚುವ ಕೀಲು ಸಡಿಲವಿದೆಯೇ ನೋಡಿ.

4. ಕ್ಯಾಮೆರಾ, ಮೈಕ್, ವೈಫೈ, ಯುಎಸ್‌ಬಿ ಕಿಂಡಿಗಳು: ಒಂದು ವಿಡಿಯೋ ಕರೆ ಮಾಡಿದರೆ ಮೊದಲ ಮೂರೂ ತಿಳಿಯುತ್ತವೆ. ಪೆನ್‌ಡ್ರೈವ್ ಒಂದನ್ನು ಜೇಬಿನಲ್ಲಿ ಒಯ್ಯಿರಿ.

5. ಬಿಸಿ ಮತ್ತು ಸದ್ದು: ಹತ್ತು ನಿಮಿಷ ವಿಡಿಯೋ ಓಡಿಸಿ. ಈ ನಾಡಿನ ಮರಳು ಧೂಳು ಫ್ಯಾನಿನೊಳಗೆ ಸೇರಿಕೊಳ್ಳುತ್ತದೆ. ವಿಪರೀತ ಸದ್ದು ಬಂದರೆ ಶುಚಿ ಮಾಡಿಸಿಕೊಡಲು ಕೇಳಿ.

6. ರಸೀದಿ: ಸೀರಿಯಲ್ ನಂಬರ್ ಮತ್ತು ವಾರಂಟಿಯ ಅವಧಿ ಬರೆದ ರಸೀದಿ ಬೇಕೇ ಬೇಕು. ಬಾಯಿಮಾತಿನ ವಾರಂಟಿ ನೀರಿನ ಮೇಲಿನ ಬರಹ.

ಐದನೇ ಹೆಜ್ಜೆ: ವರ್ಷಕ್ಕೆ ಎಷ್ಟು?

ಈಗ ಲೆಕ್ಕ. ಕೆಳಗಿನ ಬೆಲೆಗಳು ಉದಾಹರಣೆಗಾಗಿ ಮಾತ್ರ. ನಿಮ್ಮ ಅಂಗಡಿಯ ಬೆಲೆ ಹಾಕಿಕೊಳ್ಳಿ.

ಅ) ಬಳಸಿದ ಎಂಟನೇ ತಲೆಮಾರಿನ ಐ5, 8 ಜಿಬಿ, 256 ಜಿಬಿ ಎಸ್‌ಎಸ್‌ಡಿ: 800 ದಿರ್ಹಮ್, ಹೊಸ ಬ್ಯಾಟರಿ 150. ಒಟ್ಟು 950. ಮೂರು ವರ್ಷ ಬಂದರೆ ವರ್ಷಕ್ಕೆ ಸುಮಾರು 317.

ಆ) ಹೊಸದು, ಅತಿ ಅಗ್ಗದ್ದು, ಸೆಲೆರಾನ್, 4 ಜಿಬಿ, 64 ಜಿಬಿ: 900. ಎರಡು ವರ್ಷ ಬಂದರೆ ವರ್ಷಕ್ಕೆ 450.

ಇ) ಹೊಸದು, ಐ5 ದರ್ಜೆ, 16 ಜಿಬಿ, 512 ಜಿಬಿ ಎಸ್‌ಎಸ್‌ಡಿ: 2,200. ಆರು ವರ್ಷ ಬಂದರೆ ವರ್ಷಕ್ಕೆ ಸುಮಾರು 367.

ಕೈಯಿಂದ ಹೋಗುವ ಹಣ ನೋಡಿದರೆ 'ಅ' ಮತ್ತು 'ಆ' ಅಕ್ಕಪಕ್ಕ ನಿಲ್ಲುತ್ತವೆ. ವರ್ಷದ ಲೆಕ್ಕದಲ್ಲಿ 'ಅ' ಮತ್ತು 'ಇ' ಅಕ್ಕಪಕ್ಕ ಬರುತ್ತವೆ, 'ಆ' ಹಿಂದೆ ಬೀಳುತ್ತದೆ. ನಾನು ಕೊಂಡದ್ದು ಆ ಜಾತಿಯದೇ! ಇನ್ನೊಂದು ವಿಷಯ ಗಮನಿಸಿ. 'ಅ' ಮೂರರ ಬದಲು ಎರಡೇ ವರ್ಷ ಬಂದರೆ ವರ್ಷಕ್ಕೆ 475 ಆಗಿ, ಅದೇ ಎಲ್ಲಕ್ಕಿಂತ ದುಬಾರಿಯಾಗುತ್ತದೆ. ಆದ್ದರಿಂದಲೇ ಅಂಗಡಿಯ ಆ ಇಪ್ಪತ್ತು ನಿಮಿಷಕ್ಕೆ ಅಷ್ಟು ಬೆಲೆ.

ಹಾಗಾದರೆ ಯಾರಿಗೆ ಯಾವುದು?

ಹನ್ನೊಂದು, ಹನ್ನೆರಡನೇ ತರಗತಿಯ ಎರಡು ವರ್ಷ ಸಾಗಿಸಬೇಕು, ಮುಂದೆ ಯಾವ ಕೋರ್ಸ್ ಎಂದು ಇನ್ನೂ ತಿಳಿಯದು ಎನ್ನುವವರಿಗೆ, ಪರೀಕ್ಷಿಸಿ ಕೊಂಡ 'ಅ' ಸಾಕು. ವರ್ಷದ ಲೆಕ್ಕದಲ್ಲಿ ಸ್ವಲ್ಪ ಏರುಪೇರಾದರೂ ಈಗ ಉಳಿಯುವ 1,250 ದಿರ್ಹಮ್ ಮುಂದಿನ ಯಂತ್ರಕ್ಕೆ ಇಡುಗಂಟಾಗುತ್ತದೆ. ಆ ಹೊತ್ತಿಗೆ ನಿಮ್ಮ ಕೋರ್ಸ್ ಏನು ಕೇಳುತ್ತದೆ ಎಂಬುದೂ ಗೊತ್ತಿರುತ್ತದೆ.

ಬೆಂಗಳೂರು, ಮಂಗಳೂರು, ಮೈಸೂರುಗಳಲ್ಲಿ ಎಂಜಿನಿಯರಿಂಗ್ ಸೇರಲು ಹೊರಟವರಿಗೆ ನಾಲ್ಕು ವರ್ಷ ಎದುರಿಗಿದೆ. ಹಾಸ್ಟೆಲಿನಲ್ಲಿ ರಾತ್ರಿ ಹನ್ನೊಂದಕ್ಕೆ ಯಂತ್ರ ಕೆಟ್ಟರೆ ಅಪ್ಪ ಪಕ್ಕದಲ್ಲಿರುವುದಿಲ್ಲ. ಅವರಿಗೆ 'ಇ' ಸರಿ. ಅದರ ವಾರಂಟಿ ಭಾರತದಲ್ಲೂ ನಡೆಯುತ್ತದೆಯೇ ಎಂದು ಕೇಳಿ, ಬರೆಸಿಕೊಳ್ಳಿ. ಭಾರತದ ಸುಂಕ ನಿಯಮದಂತೆ 18 ವರ್ಷ ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ಒಯ್ಯಬಹುದು. ಹದಿನೇಳರ ವಿದ್ಯಾರ್ಥಿಯಾದರೆ ಜೊತೆಗೆ ಹೋಗುವ ಅಪ್ಪನೋ ಅಮ್ಮನೋ ತಮ್ಮ ಚೀಲದಲ್ಲಿಟ್ಟುಕೊಳ್ಳಲಿ.

'ಆ' ಯಾರಿಗೂ ಬೇಡ ಎಂಬುದು ನನ್ನ ಅನುಭವದ ಮಾತು.

ಹಳೆಯದನ್ನು ಕೊಂಡ ಮಕ್ಕಳಿಗೆ ಕೊನೆಯದಾಗಿ ಒಂದು ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚಿದ್ದಕ್ಕೆ ತರಗತಿಯಲ್ಲಿ ತಲೆ ತಗ್ಗಿಸಬೇಕಾಗಿಲ್ಲ. ನೀವು ಬರೆದ ಪೈಥಾನ್ ಪ್ರೋಗ್ರಾಮ್ ಸರಿಯಾಗಿದ್ದರೆ, ಅದು ಗೀರು ಬಿದ್ದ ಲ್ಯಾಪ್‌ಟಾಪಿನಲ್ಲೂ ಸರಿಯಾದ ಉತ್ತರವನ್ನೇ ಕೊಡುತ್ತದೆ.

ಅಭ್ಯಾಸ

1. ಐ5-7300ಯು ಮತ್ತು ಐ5-10310ಯು ಇರುವ ಎರಡು ಯಂತ್ರಗಳಲ್ಲೂ ವಿಂಡೋಸ್ 11 ಓಡುತ್ತಿದೆ. ಯಾವುದನ್ನು ಆರಿಸುವಿರಿ? ಏಕೆ?
2. ಬ್ಯಾಟರಿಯ ಮೂಲ ಸಾಮರ್ಥ್ಯ 48,000. ಈಗ ತುಂಬುವುದು 36,000. ಶೇಕಡ ಎಷ್ಟು ಉಳಿದಿದೆ?
3. ಬಳಸಿದ್ದು ಬ್ಯಾಟರಿ ಸೇರಿ 830 ದಿರ್ಹಮ್, ಎರಡು ವರ್ಷ. ಹೊಸದು 2,400 ದಿರ್ಹಮ್, ಆರು ವರ್ಷ. ವರ್ಷಕ್ಕೆ ಯಾವುದು ಅಗ್ಗ? ನಿಮ್ಮ ಮನೆಗೆ ಯಾವುದು ಸರಿ? ಅಪ್ಪ ಅಮ್ಮನೊಂದಿಗೆ ಕೂತು ಉತ್ತರಿಸಿ.

ಉತ್ತರಗಳು: 1) ಎರಡನೆಯದು. ಅದು ಹತ್ತನೇ ತಲೆಮಾರು, ವಿಂಡೋಸ್ 11ಕ್ಕೆ ಅರ್ಹ. ಮೊದಲನೆಯದು ಏಳನೆಯದು. 2) ಶೇಕಡ 75. 3) ಬಳಸಿದ್ದು 415, ಹೊಸದು 400. ಉಳಿದ ಉತ್ತರ ನಿಮ್ಮ ಮನೆಯದು.