ಅತ್ತೆಯೂ ಬಳ್ಳಾರಿಗೆ ಬಂದರು

ನಾಲ್ಕೂವರೆ ವರ್ಷದ ಮಗನಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ, ಎಂದಾಗ ನಾವು ಮಾತ್ರೆ ಕೇಳಿದೆವು. ಬಳ್ಳಾರಿಯ ವೈದ್ಯರು ಗಂಡ ಹೆಂಡತಿ ಇಬ್ಬರೂ ತರಬೇತಿಗೆ ಬರಬೇಕೆಂದರು. “ಹುಡುಗ ಜಿಗಿದಾಡಿದ್ರೆ ಪಾಠ ನಮಗ್ಯಾಕೆ?” ಎಂದು ನಮ್ಮ ಮನೆಯವರು ಸಿರುಗುಪ್ಪದ ಬಸ್ಸು ಹತ್ತುವವರೆಗೂ ಗೊಣಗಿದರು. ಆದರೆ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯ 2019ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಆರು ತುಂಬದ ಮಕ್ಕಳಿಗೆ ಮೊದಲು ಹೆತ್ತವರ ತರಬೇತಿ, ಅದು ಸಾಲದಿದ್ದರೆ ಔಷಧ. ತಜ್ಞರಲ್ಲದವರಿಗೆ ಕಲಿಸಿ ಕೆಲಸ ಮಾಡಿಸುವುದು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ಮಾನಸಿಕ ಕಾಯಿಲೆಯ ಆರೈಕೆ ಕಲಿಸಿದ್ದು ಬಳ್ಳಾರಿಯಲ್ಲೇ. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ತರಬೇತಿಯಲ್ಲಿ ನಮಗೆ ಕಲಿಸಿದ್ದೆಲ್ಲ ಸಣ್ಣ ಸಂಗತಿಗಳು. ಅಡುಗೆಮನೆಯಿಂದ ಕೂಗಬಾರದು, ಹತ್ತಿರ ಹೋಗಿ, ಮುಖ ನೋಡಿ, ಒಂದೇ ಕೆಲಸ ಹೇಳಬೇಕು. “ಚಪ್ಪಲಿ ಮೂಲೆಗಿಟ್ಟು, ಕೈ ತೊಳಕೊಂಡು, ಅಜ್ಜನ್ನ ಊಟಕ್ಕೆ ಕರಿ” ಎಂದರೆ ಅವನ ತಲೆಯಲ್ಲಿ ಒಂದೂ ನಿಲ್ಲುತ್ತಿರಲಿಲ್ಲ. “ಚಪ್ಪಲಿ ಮೂಲೆಗಿಡು” ಎಂದು ಸುಮ್ಮನೆ ಪಕ್ಕದಲ್ಲೇ ನಿಂತರೆ ಇಡುತ್ತಿದ್ದ. ಇಟ್ಟ ಕೂಡಲೇ “ಭೇಷ್, ಹೇಳಿದ ತಕ್ಷಣ ಚಪ್ಪಲಿ ಇಟ್ಟಿ” ಎನ್ನಬೇಕು. ಸಂಜೆಗೆ ಹೊಗಳಿದರೆ ಇಂಥ ಮಕ್ಕಳಿಗೆ ಅದು ಯಾವುದಕ್ಕೆಂದೇ ಹೊಳೆಯುವುದಿಲ್ಲ. ದಿನಾ ಸ್ವಲ್ಪ ಹೊತ್ತು ಅವನ ಆಟವನ್ನು ಅವನು ಹೇಳಿದಂತೆಯೇ ಆಡಬೇಕು, ಪ್ರಶ್ನೆ ಕೇಳದೆ, ತಿದ್ದದೆ. ನನಗೆ ಎಲ್ಲಕ್ಕಿಂತ ಕಷ್ಟವಾಗಿದ್ದು ಇದೇ.

ತೊಡಕೆಲ್ಲ ಹಠದ ವಿಷಯದಲ್ಲಿ. ಅದಕ್ಕೆ ಗಮನ ಕೊಡಬೇಡಿ ಎಂದಿದ್ದರು. ಅವನು ನೆಲಕ್ಕೆ ಬಿದ್ದು ಹೊರಳುವಾಗ ನಾನು ಅಕ್ಕಿ ಆರಿಸುತ್ತ ಕೂತಿದ್ದರೆ, ಅತ್ತೆ ಮೊಬೈಲು ಹಿಡಿದು ಓಡಿಬರುತ್ತಿದ್ದರು. ಅಷ್ಟು ಸಾಕು, ಮರುದಿನದ ಹಠ ಇನ್ನೂ ಜೋರು. ಕೂಡುಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಕಲಿತರೆ ಅರ್ಧ ಕೆಲಸವೂ ಆಗುವುದಿಲ್ಲ. ಅತ್ತೆಯನ್ನೂ ಬಳ್ಳಾರಿಗೆ ಕರೆದೊಯ್ದೆವು. “ಐದು ಮಕ್ಕಳು ಬೆಳೆಸೀನಿ, ನನಗೇನು ಹೇಳ್ತಾರ?” ಎಂದು ಹೋಗುವಾಗ ಒಂದೇ ಸಮನೆ ಬೈದರು, ಬರುವಾಗ ಕೇಳಿದ್ದನ್ನೆಲ್ಲ ನನಗೇ ಪಾಠ ಹೇಳಿದರು!

ಕುರುಗೋಡು ದೊಡ್ಡಬಸವೇಶ್ವರನ ತೇರಿಗೆ ಹೊರಟಾಗ ಮುಂದಾಳತ್ವ ಅವರದೇ. ಗುಂಪಿಗೆ ಹೋಗುವ ಮೊದಲೇ ನಿಯಮ ಹೇಳಬೇಕು, ಮಗುವಿನ ಬಾಯಲ್ಲೂ ಹೇಳಿಸಬೇಕು ಎಂಬುದು ತರಬೇತಿಯದೇ ಪಾಠ.

“ಯಾರ ಕೈ ಹಿಡೀತಿ?”

“ಅಜ್ಜಿದು.”

“ಬಿಟ್ರೆ?”

“ಬತ್ತಾಸಿಲ್ಲ.”

ಬಳೆ ಅಂಗಡಿ ದಾಟುವುದರೊಳಗೆ ಕೈ ಕೊಸರಿಕೊಂಡು ಓಡಿದ. ಹಿಡಿದು ತಂದ ಮೇಲೆ ಅತ್ತೆ ಬತ್ತಾಸು ಕೊಡಲಿಲ್ಲ. ಅವನು ಅತ್ತ ರಭಸಕ್ಕೆ ಜನ ನಿಂತು ನೋಡಿದರು, ಯಾರೋ “ಪಾಪ, ಕೊಡಿ ಅಮ್ಮಾ” ಎಂದರು. ಅತ್ತೆ ಕದಲಲಿಲ್ಲ. ತೇರಿನವರೆಗೆ ಕೈ ಬಿಡದೆ ನಡೆದಾಗಲೇ ಪೊಟ್ಟಣ ಬಿಚ್ಚಿದ್ದು.

ಆರು ತುಂಬಿದ ಮೇಲೆ ಔಷಧದ ಮಾತು ಮತ್ತೆ ಆಡೋಣ ಎಂದಿದ್ದಾರೆ ವೈದ್ಯರು. ಬೇಕಾದರೆ ಕೊಡುತ್ತೇವೆ, ಅದಕ್ಕೆ ನಾಚಿಕೆಯಿಲ್ಲ. ಬಳ್ಳಾರಿಗೆ ಬರಲಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹಠಕ್ಕೆ ಮೊಬೈಲು ಕೊಡುವವರು ಮನೆಯಲ್ಲಿ ಯಾರಿದ್ದಾರೋ ಅವರನ್ನೂ ಪಕ್ಕದಲ್ಲೇ ಕೂರಿಸಿಕೊಳ್ಳಿ.